‘ಬೆಳೆ’ಯನ್ನು ‘ಬೇಳೆ’ ಎಂದು ಓದಿದರೆ ಮಗು ಓದಿನಲ್ಲಿ ಹಿಂದುಳಿದಿದೆ ಅಂತಲೇ?

ಶಾಲೆ ಶುರುವಾಗುವ ಜೂನ್ ತಿಂಗಳು ಬಂತೆಂದರೆ ಮನೆಮಂದಿಯ ಗ್ರೂಪುಗಳಲ್ಲಿ ಒಂದು ಧಾಟಿಯ ಸಂದೇಶ ಓಡಾಡಲು ಶುರುವಾಗುತ್ತದೆ. ಕನ್ನಡ ಜಗತ್ತಿನ ಅತ್ಯಂತ ವೈಜ್ಞಾನಿಕ ಲಿಪಿ, ಬರೆದಂತೆ ಓದುವ ಭಾಷೆ. ವರ್ಣಮಾಲೆ ಮತ್ತು ಕಾಗುಣಿತವನ್ನು ಬಾಯಿಪಾಠ ಮಾಡಿಸಿಬಿಟ್ಟರೆ 30 ದಿನದಲ್ಲಿ ಮಗು ತಾನಾಗಿಯೇ ಓದುತ್ತದೆ. ಓದದಿದ್ದರೆ ಮಗುವಿನ ಮೆದುಳಿನಲ್ಲಿ ತೊಂದರೆ ಇರಬಹುದು, ಕೂಡಲೇ ಪರೀಕ್ಷೆ ಮಾಡಿಸಿ. ಕೆಲವು ಸಲ ಕೊನೆಯಲ್ಲಿ ಯಾವುದೋ ಕೋರ್ಸಿನ ಲಿಂಕ್ ಕೂಡ ಇರುತ್ತದೆ.

ಈ ಸಂದೇಶದ ಮೊದಲ ಭಾಗಕ್ಕೆ ನಮ್ಮ ತಕರಾರು ಹೆಚ್ಚಿಲ್ಲ. ಭಾಷೆಯ ಮೇಲಿನ ಅಭಿಮಾನಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಸಮಸ್ಯೆ ಇರುವುದು ಎರಡನೆಯ ಭಾಗದಲ್ಲಿ. ಆರು ವರ್ಷದ ಮಗು ‘ಬೆಳೆ’ ಎಂದು ಬರೆದಿರುವುದನ್ನು ‘ಬೇಳೆ’ ಎಂದು ಓದುತ್ತದೆ. ‘ಬೆಲ್ಲ’ ಬರೆಯಲು ಹೇಳಿದರೆ ‘ಬೇಲ’ ಎಂದು ಬರೆಯುತ್ತದೆ. ಧಾರವಾಡದ ಕಡೆಯ ಮಗುವಾದರೆ ‘ಮನೆ’ ಎಂದು ಅಚ್ಚಾಗಿದ್ದನ್ನು ‘ಮನಿ’ ಎನ್ನುತ್ತದೆ. ‘ಇಷ್ಟು ಸುಲಭದ ಭಾಷೆಯೂ ಬರುವುದಿಲ್ಲವಲ್ಲ’ ಎಂದು ಅಪ್ಪ–ಅಮ್ಮನಿಗೆ ಗಾಬರಿ. ಗಾಬರಿ ಬೈಗುಳವಾಗಿ, ಬೈಗುಳ ಕೆಲವೊಮ್ಮೆ ಏಟಾಗಿ ಮಗುವಿನ ಮೇಲೆ ಬೀಳುತ್ತದೆ. ಹಾಗಾಗಿ ಒಂದೇ ಒಂದು ಪುಟ್ಟ ಸ್ವರವನ್ನು, ಅಂದರೆ ಹ್ರಸ್ವ ‘ಎ’ಯನ್ನು, ಹಿಡಿದುಕೊಂಡು ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಜೊಳ್ಳು ಎಂದು ನೋಡೋಣ.

ಸುಲಭ ಅನ್ನುವುದು ನಿಜ, ಬೇಗ ಅನ್ನುವುದು ಸುಳ್ಳು

ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕಾರು ಉಚ್ಚಾರ. ‘ಪುಟ್’ ಮತ್ತು ‘ಕಟ್’ ಎರಡರ ನಡುವೆಯೂ ಇರುವುದು ಅದೇ ಸ್ವರಾಕ್ಷರ, ಬಾಯಿಯಲ್ಲಿ ಬರುವುದು ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ಈ ಗೋಜಲು ಬಹಳ ಕಡಿಮೆ. ‘ಕೆ’ ಎಂದು ಬರೆದಿದ್ದರೆ ಅದು ‘ಕೆ’ಯೇ. ಅಷ್ಟರ ಮಟ್ಟಿಗೆ ಸಂದೇಶ ಸರಿ.

ಆದರೆ ಕಲಿಯಬೇಕಾದ ರೂಪಗಳು ಎಷ್ಟು? ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಂಗ್ಲಿಷಿನ 26ರ ಎದುರು ಇದು ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ಆದರೆ ಮಗು ಪುಟದ ಮೇಲೆ ನೋಡುವುದು ವರ್ಣಮಾಲೆಯನ್ನಲ್ಲ, ಕಾಗುಣಿತದ ಅಕ್ಷರಗಳನ್ನು. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ಅಕ್ಷರ. ಇನ್ನೂ ಸೊನ್ನೆ, ವಿಸರ್ಗ, ಒತ್ತಕ್ಷರ ಇದಕ್ಕೆ ಸೇರಿಲ್ಲ. ನಿಜ, ಇವೆಲ್ಲವನ್ನೂ ಬಿಡಿಬಿಡಿಯಾಗಿ ಕಲಿಯಬೇಕಿಲ್ಲ, ಅದರೊಳಗೆ ಒಂದು ಕ್ರಮವಿದೆ. ಆದರೆ ಆ ಕ್ರಮ ಮಗುವಿಗೆ ‘ಹೊಳೆಯಬೇಕು’. ಅದಕ್ಕೆ ಸಮಯ ಬೇಕು.

ಬೆಂಗಳೂರಿನಲ್ಲಿ ಮಕ್ಕಳ ಓದಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸೊನಾಲಿ ನಾಗ್ 2007ರಲ್ಲಿ ಕನ್ನಡ ಓದುವ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಅಕ್ಷರ ಗುರುತಿಸಲು ಬೇಕಾಗುವ ಅವಧಿಗಿಂತ ಕನ್ನಡದ ಅಕ್ಷರಗಳು ಪೂರ್ತಿ ಕೈಗೆ ಹತ್ತಲು ಹೆಚ್ಚು ಕಾಲ ಬೇಕು ಎಂಬುದು ಅದರಲ್ಲಿ ಕಂಡ ಮುಖ್ಯ ವಿಷಯ. ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ ಅದು, ಮೂರು–ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಇನ್ನೊಂದು ವಿಷಯವೂ ಅದರಲ್ಲಿತ್ತು: ‘ಕೆ’ಯಲ್ಲಿ ‘ಕ್’ ಮತ್ತು ‘ಎ’ ಎಂಬ ಎರಡು ಧ್ವನಿಗಳಿವೆ ಎಂದು ಬಿಡಿಸಿ ಕೇಳಿಸಿಕೊಳ್ಳುವ ಸಾಮರ್ಥ್ಯ ಕನ್ನಡದ ಮಕ್ಕಳಲ್ಲಿ ನಿಧಾನವಾಗಿ ಬರುತ್ತದೆ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನಮ್ಮ ಲಿಪಿಯಲ್ಲಿ ‘ಕ್’ ಮತ್ತು ‘ಎ’ ಅಕ್ಕಪಕ್ಕ ಕೂರುವುದಿಲ್ಲ. ಎರಡೂ ಬೆರೆತು ಒಂದೇ ಅಕ್ಷರವಾಗಿರುತ್ತವೆ. ಮಗು ‘ಕೆ’ಯನ್ನು ಒಂದು ಇಡೀ ಚಿತ್ರದಂತೆ ನೋಡುತ್ತದೆ. ಅದರೊಳಗೆ ಒಂದು ‘ಎ’ ಕೂತಿದೆ, ಅದೇ ‘ಎ’ ‘ಬೆ’ಯಲ್ಲೂ ‘ಮೆ’ಯಲ್ಲೂ ಇದೆ ಎಂದು ಕಾಣಲು ಕಣ್ಣು ಪಳಗಬೇಕು.

ಅಂದಹಾಗೆ, ‘ಅ ಆ ಇ ಈ ಕಲಿಸದೆ ಸರ್ಕಾರಿ ಶಾಲೆಯಲ್ಲಿ ಏನೇನೋ ಕಲಿಸುತ್ತಾರೆ’ ಎಂಬ ದೂರೂ ಇಂಥ ಸಂದೇಶಗಳಲ್ಲಿ ಇರುತ್ತದೆ. ಅವರು ಹೇಳುತ್ತಿರುವುದು ನಲಿ–ಕಲಿಯ ಬಗ್ಗೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲು ಬರುವುದು ‘ರ, ಗ, ಸ, ದ, ಅ’. ಈ ಐದೇ ಅಕ್ಷರದಿಂದ ಮಗು ‘ಸರ’, ‘ದರ’, ‘ಅರಸ’, ‘ಅಗಸ’, ‘ಗರಗಸ’ ಎಂದು ನಿಜವಾದ ಪದಗಳನ್ನೇ ಓದಬಹುದು. ಈ ಎಲ್ಲ ಪದಗಳಲ್ಲೂ ಇರುವ ಸ್ವರ ಒಂದೇ, ಹ್ರಸ್ವ ‘ಅ’. ಅದು ಗಟ್ಟಿಯಾದ ಮೇಲೆ ಉಳಿದ ಸ್ವರಗಳು. ಇದರಲ್ಲಿ ನಮಗಂತೂ ತಪ್ಪೇನೂ ಕಾಣುವುದಿಲ್ಲ. ವರ್ಣಮಾಲೆಯ ಕ್ರಮ ನಿಘಂಟು ನೋಡಲು ಬೇಕು; ಓದು ಶುರುಮಾಡಲು ಅದೇ ಕ್ರಮ ಬೇಕೆಂದೇನೂ ಇಲ್ಲ.

ಎಳೆದರೆ ಉಳಿಯದ ಸ್ವರ

ಈಗ ‘ಎ’ಗೆ ಬರೋಣ. ಹೈಸ್ಕೂಲಿನ ವ್ಯಾಕರಣದಲ್ಲಿ ಓದಿದ್ದು ನೆನಪಿರಬಹುದು: ಹ್ರಸ್ವ ಸ್ವರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ‘ಬೆಳೆ’ ಎಂಬುದರ ಮೊದಲ ಅಕ್ಷರ ಲಘು, ‘ಬೇಳೆ’ಯದು ಗುರು. ಬಾಯಿ ತೆರೆಯುವ ರೀತಿ, ನಾಲಿಗೆಯ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಎಷ್ಟು ಹೊತ್ತು ಹಿಡಿದಿಡುತ್ತೇವೆ ಎನ್ನುವುದರಲ್ಲಿ.

ಇದನ್ನು ನೀವೇ ನೋಡಬಹುದು. ಫೋನಿನ ವಾಯ್ಸ್ ರೆಕಾರ್ಡರ್ ತೆರೆದು, ಮಾತಾಡುವ ವೇಗದಲ್ಲೇ ‘ಬೆಳೆ’ ಅನ್ನಿ, ಸ್ವಲ್ಪ ಬಿಟ್ಟು ‘ಬೇಳೆ’ ಅನ್ನಿ. ಹೆಚ್ಚಿನ ಫೋನುಗಳಲ್ಲಿ ಪರದೆಯ ಮೇಲೆ ಧ್ವನಿಯ ಅಲೆ ಮೂಡುತ್ತದೆ. ಎರಡನೆಯದರಲ್ಲಿ ಮೊದಲ ಗುಡ್ಡೆ ಉದ್ದವಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಈಗ ಇನ್ನೊಂದು ಸಲ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ, ಬಿಡಿಸಿ ಬಿಡಿಸಿ ‘ಬೆ... ಳೆ...’ ಅನ್ನಿ. ನೀವು ಹೇಳಿದ್ದು ‘ಬೆಳೆ’. ಆದರೆ ಪರದೆಯ ಮೇಲಿನ ಮೊದಲ ಗುಡ್ಡೆ ‘ಬೇಳೆ’ಯದಕ್ಕಿಂತಲೂ ಉದ್ದವಾಗಿರುತ್ತದೆ!

ನಮ್ಮ ಮನೆಗಳಲ್ಲಿ, ಎಷ್ಟೋ ತರಗತಿಗಳಲ್ಲಿ ನಡೆಯುವುದು ಇದೇ. ಮಗುವಿಗೆ ಅರ್ಥವಾಗಲಿ ಎಂದು ನಾವು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತೇವೆ. ಹಾಗೆ ಹೇಳಿದ ಕೂಡಲೇ ಹ್ರಸ್ವ ಸ್ವರ ದೀರ್ಘವಾಗಿಬಿಡುತ್ತದೆ. ಮಗು ಕೇಳಿಸಿಕೊಂಡಿದ್ದನ್ನು ಪ್ರಾಮಾಣಿಕವಾಗಿ ‘ಬೇಳೆ’ ಎಂದು ಬರೆಯುತ್ತದೆ. ಆಮೇಲೆ ಕೆಂಪು ಶಾಯಿಯ ಗುರುತು ಬೀಳುವುದು ಮಗುವಿನ ನೋಟ್‌ಬುಕ್ಕಿನಲ್ಲಿ.

‘ಏ’ಯನ್ನು ಎಷ್ಟು ಬೇಕಾದರೂ ಎಳೆಯಬಹುದು, ಅದು ‘ಏ’ಯಾಗಿಯೇ ಉಳಿಯುತ್ತದೆ. ‘ಎ’ಯನ್ನು ಎಳೆದರೆ ಅದು ‘ಎ’ ಆಗಿ ಉಳಿಯುವುದೇ ಇಲ್ಲ. ಹಾಗಾಗಿ ಒಂಟಿಯಾಗಿ ‘ಎ... ಎ...’ ಎಂದು ಹೇಳಿಕೊಟ್ಟು ಈ ಸ್ವರವನ್ನು ಕಲಿಸುವುದು ಹೆಚ್ಚುಕಡಿಮೆ ಆಗದ ಮಾತು. ಪದದೊಳಗೆ, ಸಹಜ ವೇಗದಲ್ಲಿ, ದೀರ್ಘದ ಪಕ್ಕದಲ್ಲಿ ಇಟ್ಟರೆ ಮಾತ್ರ ಅದು ಕಿವಿಗೆ ಸಿಗುತ್ತದೆ.

ಕಾಗುಣಿತದ ರಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ಕ ಕಾ ಕಿ ಕೀ ಕು ಕೂ’ ಎಂದು ಹಾಡುವಾಗ ಮಗು ಕಲಿಯುವುದು ಒಂದು ಹಾಡನ್ನು. ‘ಕೆ’ ಬರುವುದು ಎಲ್ಲಿ ಎಂದು ಕೇಳಿದರೆ ಎಷ್ಟೋ ಮಕ್ಕಳು ಮೊದಲಿನಿಂದ ಹಾಡಿಕೊಂಡು ಬಂದೇ ಹೇಳಬೇಕು. ಹಾಡು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಅದು ಓದು ಅಲ್ಲ ಅಷ್ಟೇ.

ಇನ್ನೊಂದು ತೊಡಕು ಒತ್ತಕ್ಷರದ್ದು. ‘ಬೆಲ್ಲ’ ಎನ್ನುವಾಗ ‘ಬೆ’ ಹ್ರಸ್ವವೇ. ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಆ ಜಾಗದಲ್ಲಿ ಮಾತು ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಛಂದಸ್ಸಿನಲ್ಲೂ ಅದನ್ನು ಗುರು ಎಂದೇ ಎಣಿಸುತ್ತೇವೆ. ಮಗುವಿನ ಕಿವಿಗೂ ಆ ಭಾರ ತಿಳಿಯುತ್ತದೆ, ಆದರೆ ಭಾರ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಅದಕ್ಕೇ ‘ಬೇಲ’. ನೋಡಿ, ಈ ತಪ್ಪಿನೊಳಗೂ ಒಂದು ಲೆಕ್ಕ ಇದೆ: ಒಟ್ಟು ಭಾರ ಸರಿ, ಹಾಕಿದ ಜಾಗ ಮಾತ್ರ ತಪ್ಪು.

ಲಿಪಿಯೂ ಸ್ವಲ್ಪ ತಮಾಷೆ ಮಾಡುತ್ತದೆ

‘ಬೆ’ಗೂ ‘ಬೇ’ಗೂ ಬರಹದಲ್ಲಿ ಇರುವ ವ್ಯತ್ಯಾಸ ಬಲಗಡೆಯ ಒಂದು ಸಣ್ಣ ಬಾಲ. ‘ಬಿ’ಯನ್ನು ‘ಬೀ’ ಮಾಡುವುದೂ ಅದೇ ಬಾಲ. ಮಗು ಎಡದಿಂದ ಓದುತ್ತಾ ‘ಬೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಬಾಲ ಎದುರಾಗುತ್ತದೆ. ‘ಪ್ರೇಮ’, ‘ಕ್ಷೇಮ’ದಂಥ ಪದಗಳಲ್ಲಿ ನಡುವೆ ಒತ್ತಕ್ಷರವೂ ಇದ್ದು ಕಣ್ಣು ಇನ್ನೂ ಒದ್ದಾಡುತ್ತದೆ.

‘ಒ’ಕಾರದಲ್ಲಿ ಇನ್ನೂ ಸೋಜಿಗ. ‘ಕೂ’ ದೀರ್ಘ. ಅದರ ಬಲಗಡೆಯ ಇಳಿಬಾಲವನ್ನು ನೋಡಿ ಮಗು ‘ಹೀಗಿದ್ದರೆ ಉದ್ದ’ ಎಂದು ಕಲಿತಿರುತ್ತದೆ. ಅದೇ ಆಕಾರ ‘ಕೊ’ದಲ್ಲೂ ಇದೆ, ಆದರೆ ‘ಕೊ’ ಹ್ರಸ್ವ! ‘ಕೊಡು’ ಎಂಬುದನ್ನು ‘ಕೋಡು’ ಎಂದು ಓದಿದ ಮಗು ತನಗೆ ಹೇಳಿಕೊಟ್ಟ ನಿಯಮವನ್ನೇ ಪಾಲಿಸಿರಬಹುದು.

ಎ–ಏ, ಒ–ಓ ಬೇರೆ ಮಾಡಿ ಬರೆಯುವುದು ನಮ್ಮ ಹಿರಿಯರಿಗೂ ಮೊದಲಿನಿಂದ ಇದ್ದ ಅಭ್ಯಾಸವಲ್ಲ. ಸಂಸ್ಕೃತದಲ್ಲಿ ಹ್ರಸ್ವ ‘ಎ’, ಹ್ರಸ್ವ ‘ಒ’ ಇಲ್ಲ. ಕನ್ನಡ, ತೆಲುಗು, ತಮಿಳಿನಂಥ ದ್ರಾವಿಡ ಭಾಷೆಗಳಿಗೆ ಅವು ಬೇಕು. ಕನ್ನಡದ ಹಳೆಯ ಶಾಸನಗಳಲ್ಲಿ ಈ ಹ್ರಸ್ವ–ದೀರ್ಘಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ಗುರುತಿನಿಂದ ತೋರಿಸಿರುವುದಿಲ್ಲ. ಓದುವವರೇ ಅರ್ಥ ನೋಡಿ ತಿಳಿದುಕೊಳ್ಳಬೇಕು. ಹಿಂದಿಯಲ್ಲಿ ಇವತ್ತಿಗೂ ಇರುವುದು ಒಂದೇ ‘ಏ’. ರೈಲು ನಿಲ್ದಾಣದ ಬೋರ್ಡಿನಲ್ಲಿ ಬೆಂಗಳೂರು ಎಂಬುದರ ಹಿಂದಿ ಬರಹವನ್ನು ಉತ್ತರದವರು ‘ಬೇಂಗಳೂರು’ ಎಂಬಂತೆ ಓದುವುದಕ್ಕೆ ಇದೇ ಕಾರಣ. ಮನೆಯಲ್ಲಿ ಹಿಂದಿ ಆಡುವ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಕಲಿಯುವಾಗ ‘ಬೆಳೆ’ ಮತ್ತು ‘ಬೇಳೆ’ ಒಂದೇ ಥರ ಕೇಳಿಸುತ್ತದೆ ಎಂದರೆ ಅದಕ್ಕೂ ಇದೇ ಕಾರಣ.

ನಾವು ದೊಡ್ಡವರೂ ದಿನಾ ಇದನ್ನೇ ಮಾಡುತ್ತೇವೆ. ವಾಟ್ಸ್ಆ್ಯಪಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಟೈಪ್ ಮಾಡುವಾಗ ‘ಬೆಳೆ’ಗೂ ‘ಬೇಳೆ’ಗೂ ನಾವು ಒತ್ತುವುದು ಅವೇ ನಾಲ್ಕು ಅಕ್ಷರ. ‘ಅರ್ಧ ಕೆಜಿ ತಗೊಂಡು ಬಾ’ ಎಂದು ಜೊತೆಗಿದ್ದರೆ ಅದು ಬೇಳೆ, ‘ಈ ಸಲ ಮಳೆಗೆ ಹಾಳಾಯ್ತು’ ಎಂದಿದ್ದರೆ ಬೆಳೆ. ಮಾತಿನ ಸಂದರ್ಭ ನಮ್ಮನ್ನು ಕಾಪಾಡುತ್ತದೆ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿಗೆ ಪದ ಮುಗಿಯುವವರೆಗೆ ಸಂದರ್ಭ ಸಿಗುವುದಿಲ್ಲ, ಅದರಲ್ಲೂ ಚಾರ್ಟಿನ ಮೇಲಿನ ಬಿಡಿ ಪದಗಳಲ್ಲಿ.

‘ಮನೆ’ಯನ್ನು ‘ಮನಿ’ ಎಂದು ಓದುವ ಮಗು

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಮುಂದಕ್ಕೆ ಕಳಿಸುವುದಾದರೆ ದಯವಿಟ್ಟು ಇದನ್ನು ಕಳಿಸಿ.

ಉತ್ತರ ಕರ್ನಾಟಕದ ಮಾತಿನಲ್ಲಿ ಪದದ ಕೊನೆಯ ‘ಎ’ ಸಾಮಾನ್ಯವಾಗಿ ‘ಇ’ ಆಗುತ್ತದೆ. ಮನೆ ‘ಮನಿ’, ತಲೆ ‘ತಲಿ’, ಕೆರೆ ‘ಕೆರಿ’, ಒಲೆ ‘ಒಲಿ’, ಬೆಳೆ ‘ಬೆಳಿ’. ಮೊದಲ ಅಕ್ಷರದ ‘ಏ’ ಅನೇಕ ಕಡೆ ‘ಯಾ’ಕಾರ ಆಗುತ್ತದೆ: ಬೇಳೆ ‘ಬ್ಯಾಳಿ’, ಪೇಟೆ ‘ಪ್ಯಾಟಿ’. ಹಳೆ ಮೈಸೂರಿನ ಹಳ್ಳಿಗಳಲ್ಲೂ ‘ಬ್ಯಾಡ’, ‘ಮ್ಯಾಲೆ’ ಕೇಳುತ್ತೇವಲ್ಲ, ಹಾಗೆಯೇ. ಇದು ಅಶುದ್ಧ ಕನ್ನಡವಲ್ಲ, ಅಲ್ಲಿಯ ಕನ್ನಡ. ಬೇಂದ್ರೆಯವರ ಎಷ್ಟೋ ಕವಿತೆಗಳು ಧಾರವಾಡದ ಆಡುಮಾತಿನಲ್ಲೇ ಅಚ್ಚಾಗಿವೆ.

ಈಗ ಧಾರವಾಡದ ಒಂದು ಮಗು ಪುಸ್ತಕದಲ್ಲಿ ‘ಬೆಳೆ’ ಎಂದು ಇರುವುದನ್ನು ‘ಬೆಳಿ’ ಎಂದು ಓದಿತು ಎನ್ನಿ. ಅಕ್ಷರ ಗೊತ್ತಿಲ್ಲ, ‘ಎ’ಗೂ ‘ಇ’ಗೂ ವ್ಯತ್ಯಾಸ ತಿಳಿದಿಲ್ಲ ಎಂದು ಹಲವರು ತೀರ್ಮಾನಿಸುತ್ತಾರೆ. ಆದರೆ ಸ್ವಲ್ಪ ಗಮನಿಸಿ. ಈ ಪದದ ಎರಡೂ ಅಕ್ಷರಗಳಲ್ಲಿ ಇರುವುದು ಅದೇ ಏತ್ವ. ಮೊದಲನೆಯದನ್ನು ಮಗು ಸರಿಯಾಗಿ ‘ಬೆ’ ಎಂದೇ ಓದಿದೆ. ಅಂದರೆ ಆ ಗುರುತು ಅದಕ್ಕೆ ಚೆನ್ನಾಗಿಯೇ ಗೊತ್ತು. ಕೊನೆಯಲ್ಲಿ ‘ಳಿ’ ಎಂದದ್ದು ಏಕೆಂದರೆ, ಪದ ಯಾವುದು ಎಂದು ಅದಕ್ಕೆ ಗೊತ್ತಾಯಿತು, ಗೊತ್ತಾದ ಕೂಡಲೇ ತನ್ನ ಮನೆಯ ಮಾತಿನಲ್ಲಿ ಹೇಳಿತು. ಪಕ್ಕದಲ್ಲೇ ‘ಬಿಳಿ’ ಎಂದು ಬರೆದು ತೋರಿಸಿ. ಎರಡನ್ನೂ ಬೇರೆ ಬೇರೆಯಾಗಿ ಓದಿದರೆ ಆ ಮಗು ಓದುತ್ತಿದೆ, ಅರ್ಥ ಮಾಡಿಕೊಂಡೂ ಓದುತ್ತಿದೆ. ಓದಿನ ಉದ್ದೇಶವೇ ಅದು ತಾನೆ?

ಅಂಥ ಮಗುವನ್ನು ‘ಮನಿ ಅಲ್ಲ, ಮನೆ ಅನ್ನು’ ಎಂದು ಪ್ರತಿ ಸಾಲಿಗೂ ತಡೆದರೆ ಎರಡು ನಷ್ಟ. ಒಂದು, ಓದಿನ ಓಟ ಮುರಿಯುತ್ತದೆ. ಇನ್ನೊಂದು, ಅವ್ವ–ಅಪ್ಪ ಆಡುವ ಮಾತೇ ತಪ್ಪು ಎಂಬ ಭಾವನೆ ಆರನೇ ವಯಸ್ಸಿಗೇ ಹೊಕ್ಕುತ್ತದೆ. ಗಟ್ಟಿಯಾಗಿ ಓದುವಾಗ ಬಿಟ್ಟುಬಿಡಿ. ಬರೆಯುವಾಗ ಮಾತ್ರ ‘ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ’ ಎಂದು ಹೇಳಿದರೆ ಸಾಕು. ಮಕ್ಕಳಿಗೆ ಇದು ಅರ್ಥವಾಗುತ್ತದೆ. ಅಜ್ಜಿಯ ಜೊತೆ ಒಂದು ರೀತಿ, ಟೀಚರ್ ಜೊತೆ ಇನ್ನೊಂದು ರೀತಿ ಮಾತಾಡಲು ಅವರಿಗೆ ಆಗಲೇ ಬರುತ್ತದೆ.

ದಕ್ಷಿಣದವರು ನಗುವ ಹಾಗಿಲ್ಲ. ಪದದ ಶುರುವಿನ ‘ಎ’ಯನ್ನು ನಾವೆಲ್ಲ ‘ಯೆ’ ಎಂದೇ ಹೇಳುತ್ತೇವೆ: ‘ಯೆಲ್ಲಿ’, ‘ಯೆಮ್ಮೆ’, ‘ಯೆರಡು’. ‘ಒಂದು’ ಎಂಬುದು ‘ವೊಂದು’ ಆಗುತ್ತದೆ. ಮಗು ‘ಯೆಲೆ’ ಎಂದು ಬರೆದರೆ ಅದು ‘ಬರೆದಂತೆ ಓದುವ, ಓದಿದಂತೆ ಬರೆಯುವ’ ಎಂಬ ಮಾತನ್ನು ನಮಗಿಂತ ನಿಷ್ಠೆಯಿಂದ ಪಾಲಿಸಿದೆ ಎಂದೇ ಅರ್ಥ.

ಹಾಗಾದರೆ ಕಲಿಸುವುದು ಹೇಗೆ?

ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಕಣ್ಣು. ಪುಸ್ತಕ ತೆರೆಯದೆ ಶುರು ಮಾಡಿ.

ಅಡುಗೆಮನೆಯಿಂದ ಒಂದು ಹಿಡಿ ತೊಗರಿಬೇಳೆ ತನ್ನಿ. ಅದರ ಪಕ್ಕದಲ್ಲಿ ಹೊಲದ ಒಂದು ಚಿತ್ರವೋ, ಯಾವುದಾದರೂ ಪೈರಿನ ಎಲೆಯೋ ಇಡಿ. ಒಂದು ‘ಬೇಳೆ’, ಇನ್ನೊಂದು ‘ಬೆಳೆ’. ನೀವು ಮಾತಾಡುವ ವೇಗದಲ್ಲೇ ಒಂದು ಪದ ಹೇಳಿ, ಮಗು ಮುಟ್ಟಿ ತೋರಿಸಲಿ. ಎಳೆಯಬೇಡಿ, ಒತ್ತಿ ಹೇಳಬೇಡಿ. ಮಗುವಿಗೆ ತಪ್ಪಿದರೆ ಎರಡನ್ನೂ ಜೊತೆಯಾಗಿ ಇನ್ನೊಂದು ಸಲ ಹೇಳಿ, ಅಷ್ಟೇ. ಆಮೇಲೆ ಪಾತ್ರ ಬದಲಾಗಲಿ. ಮಗು ಹೇಳಲಿ, ನೀವು ಮುಟ್ಟಿ. ನಡುವೆ ಬೇಕೆಂದೇ ತಪ್ಪು ಮುಟ್ಟಿ. ಅಪ್ಪನ ತಪ್ಪು ಹಿಡಿಯುವುದು ಯಾವ ಮಗುವಿಗೆ ಇಷ್ಟವಿಲ್ಲ? ಹಿಡಿಯಿತು ಎಂದರೆ ಕಿವಿ ಪಳಗಿದೆ ಎಂದು ಲೆಕ್ಕ. ಮನೆಯಲ್ಲಿ ‘ಬ್ಯಾಳಿ’ ಅನ್ನುವವರಾದರೆ ಈ ಜೋಡಿ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ.

ಇಂಥ ಜೋಡಿಗಳು ಬೇಕಾದಷ್ಟಿವೆ. ಕೆರೆ ಮತ್ತು ಕೇರೆ ಹಾವು. ಗ್ಯಾಸ್ ಒಲೆ ಮತ್ತು ಕಿವಿಯ ಓಲೆ. ‘ಕೊಡು’ ಮತ್ತು ಹಸುವಿನ ‘ಕೋಡು’. ದಿನಕ್ಕೆ ಒಂದು ಜೋಡಿ, ಹತ್ತು ನಿಮಿಷ ಸಾಕು. ‘ಬೆ ಬೇ ಬಿ ಬೀ ಬೈ’ ಎಲ್ಲವನ್ನೂ ಒಂದೇ ದಿನ ತುರುಕಿದರೆ ಹೊಸಬರಿಗೆ ಯಾವುದೂ ನಿಲ್ಲುವುದಿಲ್ಲ.

ಎಣಿಕೆಯೂ ಒಳ್ಳೆಯ ಪಾಠ. ಒಂದರಿಂದ ಹತ್ತರವರೆಗೆ ಎಣಿಸಲು ಬರುವ ಮಗುವಿನ ಬಾಯಲ್ಲಿ ‘ಎ’, ‘ಏ’, ‘ಒ’ ಆಗಲೇ ಇವೆ. ಎರಡು, ಎಂಟು: ಗಿಡ್ಡ. ಏಳು: ಉದ್ದ. ಒಂದು, ಒಂಬತ್ತು: ಗಿಡ್ಡ. ‘ಏಳು, ಎಂಟು’ ಎಂದು ಜೊತೆಯಾಗಿ ಹೇಳಿಸಿ, ಗಿಡ್ಡಕ್ಕೆ ಒಂದು ಚಿಟಿಕೆ, ಉದ್ದಕ್ಕೆ ಕೈಯನ್ನು ಗಾಳಿಯಲ್ಲಿ ಎಳೆಯುವುದು. ಹೊಸದಾಗಿ ಏನನ್ನೂ ಕಲಿಸಿದ ಹಾಗಾಗಲಿಲ್ಲ, ಗೊತ್ತಿದ್ದದ್ದನ್ನೇ ಗಮನಿಸುವ ಹಾಗಾಯಿತು.

ಎರಡು–ಮೂರು ಜೋಡಿ ಕಿವಿಗೆ ಹತ್ತಿದ ಮೇಲೆ ಬರಹ ತೋರಿಸಿ. ದೊಡ್ಡದಾಗಿ ‘ಬೆಳೆ’ ಬರೆಯಿರಿ. ‘ಈಗ ಇದನ್ನು ಸಾರಿಗೆ ಹಾಕುವ ಹಾಗೆ ಮಾಡೋಣ’ ಎಂದು ಬೇರೆ ಬಣ್ಣದಲ್ಲಿ ಬಾಲ ಎಳೆಯಿರಿ, ‘ಬೇಳೆ’ ಆಯಿತು. ಬಾಲದ ಮೇಲೆ ಬೆರಳಿಟ್ಟು ಮುಚ್ಚಿದರೆ ಮತ್ತೆ ‘ಬೆಳೆ’. ಆ ಬಾಲಕ್ಕೆ ಒಂದು ಕೆಲಸ ಇದೆ, ಅದು ಅರ್ಥವನ್ನೇ ಬದಲಿಸುತ್ತದೆ ಎಂದು ಕಂಡಾಗ ಮಗು ಅದನ್ನು ನೋಡಲು ಶುರು ಮಾಡುತ್ತದೆ. ‘ಏತ್ವ’, ‘ಏತ್ವದ ದೀರ್ಘ’ ಎಂಬ ಹೆಸರುಗಳು ಆಮೇಲೆ ಬಂದರೂ ನಡೆಯುತ್ತದೆ.

ಉಕ್ತಲೇಖನ ಕೊಡುವಾಗ ಬಿಡಿ ಪದದ ಬದಲು ವಾಕ್ಯ ಕೊಡಿ. ‘ಮಳೆ ಬಂದರೆ ಬೆಳೆ ಬರುತ್ತದೆ’ ಎಂದು ಪೂರ್ತಿ, ಸಹಜವಾಗಿ ಹೇಳಿ. ಮತ್ತೆ ಬೇಕೆಂದರೆ ಮತ್ತೆ ಪೂರ್ತಿಯೇ ಹೇಳಿ.

ಇಂಗ್ಲಿಷ್ ಜೊತೆಗೇ ಬಂದಾಗ

ಎಲ್‌ಕೆಜಿಯಿಂದಲೇ ಎರಡೂ ಭಾಷೆ ಕಲಿಯುವ ಮಕ್ಕಳಿಗೆ ಇನ್ನೊಂದು ಸಿಕ್ಕು. ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರದ ಹೆಸರು ನಮ್ಮ ‘ಏ’ಯ ಹಾಗೆ ಕೇಳುತ್ತದೆ, ಐದನೆಯದರ ಹೆಸರು ‘ಈ’ಯ ಹಾಗೆ. ಆದರೆ ‘ಪೆನ್’, ‘ಟೆನ್’, ‘ರೆಡ್’ ಎಂಬ ಪದಗಳಲ್ಲಿ ‘ಎ’ ಧ್ವನಿ ಕೊಡುವುದು ಐದನೆಯ ಅಕ್ಷರ. ಹೆಸರು ಒಂದು, ಕೆಲಸ ಇನ್ನೊಂದು. ಅಕ್ಷರದ ಹೆಸರಷ್ಟೇ ಬಾಯಿಪಾಠ ಮಾಡಿದ ಮಗು ‘ಪೆನ್’ ಎಂಬುದನ್ನು ‘ಪೀನ್’ ಎಂದು ಓದಿದರೆ ಆಶ್ಚರ್ಯವಿಲ್ಲ.

ಇಲ್ಲಿ ಕನ್ನಡ ಕಲಿತದ್ದು ನೆರವಿಗೆ ಬರುತ್ತದೆ. ‘ಪೆನ್’ನ ಸ್ವರ ನಮ್ಮ ‘ಎಲೆ’ಯ ಸ್ವರಕ್ಕೆ ತೀರಾ ಹತ್ತಿರ. ‘ಎಲೆಯ ಎ’ ಎಂದರೆ ಮಗುವಿಗೆ ಕೂಡಲೇ ಹಿಡಿತ ಸಿಗುತ್ತದೆ. ಇನ್ನು ‘ಬ್ಯಾಟ್’, ‘ಕ್ಯಾಟ್’ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಸ್ವಂ‌ತ ಅಕ್ಷರವಿಲ್ಲ. ಆದರೆ ‘ಬ್ಯಾಳಿ’, ‘ಮ್ಯಾಲೆ’ ಎಂದು ಆಡುವ ಮಕ್ಕಳ ಬಾಯಿಗೆ ಅದಕ್ಕೆ ಹತ್ತಿರದ ಸ್ವರ ಹೊಸದೇನಲ್ಲ. ತಿದ್ದಬೇಕು ಎಂದು ನಾವು ಅಂದುಕೊಂಡ ಹಳ್ಳಿಯ ಮಾತು ಇಂಗ್ಲಿಷ್ ತರಗತಿಯಲ್ಲಿ ಮುಂದಿನ ಬೆಂಚಿಗೆ ಬಂದುಬಿಡುತ್ತದೆ.

ಯಾವಾಗ ಚಿಂತಿಸಬೇಕು?

ಒಂದನೇ, ಎರಡನೇ ತರಗತಿಯ ಮಗು ಹ್ರಸ್ವ–ದೀರ್ಘ ಅದಲುಬದಲು ಮಾಡುವುದು ಸಾಮಾನ್ಯ. ಅದೊಂದನ್ನೇ ಹಿಡಿದು ಡಿಸ್ಲೆಕ್ಸಿಯಾ ಎಂದು ಯಾರೂ ಹೇಳಲು ಬರುವುದಿಲ್ಲ, 30 ದಿನದ ಗಡುವಿಗಂತೂ ಯಾವ ಆಧಾರವೂ ಇಲ್ಲ.

ಆದರೆ ಕಣ್ಣು ಮುಚ್ಚಿ ಕೂರುವುದೂ ಬೇಡ. ಮೇಲಿನ ಬೇಳೆ–ಬೆಳೆ ಆಟದಲ್ಲಿ, ಬರಹವೇ ಇಲ್ಲದೆ, ಮನೆಮಾತಿನಲ್ಲಿ ನಿಜವಾಗಿ ಇರುವ ಜೋಡಿಗಳನ್ನು ಹಲವು ವಾರ ಆಡಿದರೂ ಮಗುವಿಗೆ ವ್ಯತ್ಯಾಸ ಕೇಳಿಸದಿದ್ದರೆ ಮೊದಲು ಕಿವಿ ತೋರಿಸಿ. ಪದೇಪದೇ ನೆಗಡಿ ಆಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ಕಟ್ಟಿಕೊಂಡು ಸ್ವಲ್ಪ ಮಂದವಾಗಿ ಕೇಳಿಸುವುದು ಅಪರೂಪವಲ್ಲ. ಟಿವಿಯ ಶಬ್ದ ಜಾಸ್ತಿ ಇಡುವುದು, ಕರೆದರೆ ತಿರುಗದಿರುವುದು ಇದ್ದರೆ ತಡ ಮಾಡಬೇಡಿ. ಅಕ್ಷರ ದೂರ–ಹತ್ತಿರ ಮಾಡಿ ನೋಡುತ್ತಿದ್ದರೆ ಕಣ್ಣಿನ ಪರೀಕ್ಷೆಯೂ ಆಗಲಿ.

ಕಿವಿ, ಕಣ್ಣು ಸರಿಯಿದ್ದು, ಸರಿಯಾಗಿ ಕಲಿಸಿಯೂ ಮೂರನೇ ತರಗತಿಯ ಹೊತ್ತಿಗೆ ಮಗು ಸರಳ ಪದಗಳಲ್ಲೂ ತೀರಾ ತಡವರಿಸುತ್ತಿದ್ದರೆ, ಅಥವಾ ಮನೆಯಲ್ಲಿ ಬೇರೆಯವರಿಗೂ ಓದಿನ ತೊಂದರೆ ಇದ್ದಿದ್ದರೆ, ತಜ್ಞರ ಹತ್ತಿರ ಹೋಗುವುದು ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮತ್ತು ಭಾಷೆ–ಕಲಿಕೆಯ ಮೌಲ್ಯಮಾಪನ ಎರಡೂ ನಡೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆಯ ಮೌಲ್ಯಮಾಪನ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಹೋಗುವಾಗ ಮಗುವಿನ ಒಂದೆರಡು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮನೆಯಲ್ಲಿ ಆಡುವ ಮಾತು ಯಾವುದು, ಯಾವ ಕಡೆಯ ಕನ್ನಡ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.